ನಾನು ಕೂಲಾಗಿ ಬಾಗಿಲು ತಟ್ಟಿದ್ದು

ಇಂದಿನಿಂದ ಈ ಮನೆಯಲ್ಲಿ ನನ್ನ ಮಾತೂ ಕೂಲಾಗಿ, ಕೆಲಸವೂ ಕೂಲಾಗಿ! ಬೆಳಿಗ್ಗೆ ಡೈರಿಯಲ್ಲಿ ಹೀಗೆಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಕಾರಣ ನಮ್ಮ ಯಜಮಾನರು. "ಉಪ್ಪಿನ ಡಬ್ಬಿ ಎಲ್ಲಿ ಅಂತ ನೀನು ಕೇಳಿದ್ರೆ ಅಕ್ಕಪಕ್ಕದವರು ಓಡಿ ಬರ್ತಾರೆ ಕಣೇ. ಸ್ವಲ್ಪ ಕೂಲಾಗಿ ಹೇಳಬಾರ್ದಾ?" ಎಂದಿದ್ದರು. 'ಶಾಂತವಾಗಿ' ಎಂದಿದ್ದರೆ ಅದು ಋಷಿಮುನಿಗಳ ಕೆಲಸವೆಂದು ಬಿಟ್ಟುಬಿಡುತ್ತಿದ್ದೆ. 'ಕೂಲಾಗಿ' ತಾನೇ? ನಮ್ಮಂಥ ಸಂಸಾರಸ್ಥರಿಗೂ ಎಟುಕೀತು!

ಹನ್ನೊಂದು ಗಂಟೆಗೆ ಹಾಲನ್ನು ಸಣ್ಣ ಉರಿಯಲ್ಲಿಟ್ಟು, ಒಗೆದ ಬಟ್ಟೆಯ ಬಕೆಟ್ ಹಿಡಿದು ಹೊರಗಿನ ತಂತಿಯ ಬಳಿ ಹೋದೆ. ನಾಲ್ಕನೇ ಟವೆಲ್ ಕೊಡವುವಾಗ ಹಿಂದೆ 'ಟಕ್' ಎಂದಿತು. ನಾಲ್ಕು ವರ್ಷದ ಮಗಳು ಗುಬ್ಬಿ ಒಳಗಿನಿಂದ ಕೆಳಚಿಲಕ ಹಾಕಿದ್ದಳು!

ಒಳಗೆ ಮಗು, ಉರಿಯುವ ಒಲೆ. ಹೊರಗೆ ನಾನು, ಒದ್ದೆ ಟವೆಲ್. ಹಾಗೆಂದು ವ್ರತಭಂಗ ಮಾಡುವುದೇ? ಬಾಗಿಲನ್ನು ಮೆಲ್ಲಗೆ ತಟ್ಟಿದೆ.

"ಬಂಗಾರಾ, ಚಿಲಕ ತೆಗೀತೀಯಾ?"

"ತೆಗಿಯಲ್ಲ. ಅಮ್ಮ ಬೈತಾಳೆ."

"ನಾನೆಲ್ಲಿ ಬೈತೀನಿ ಬಂಗಾರಾ? ನೋಡು, ಎಷ್ಟು ಕೂಲಾಗಿದೀನಿ!"

ಪುಟ್ಟ ಹೆಜ್ಜೆಗಳು ಅಡುಗೆಮನೆಯ ಕಡೆ ಹೋದವು. ನೈಟಿಯ ಜೇಬಿನಿಂದ ಫೋನು ತೆಗೆದು ಯಜಮಾನರಿಗೆ ಮಾಡಿದೆ.

"ರೀ, ಗುಬ್ಬಿ ಒಳಗಿಂದ ಚಿಲಕ ಹಾಕ್ಕೊಂಡಿದ್ದಾಳೆ. ನಾನು ಹೊರಗಿದೀನಿ. ಒಲೆ ಉರೀತಿದೆ," ಎಂದೆ, ಹವಾಮಾನ ವರದಿ ಓದುವವಳಂತೆ.

"ಓಹೋ. ಮೀಟಿಂಗಲ್ಲಿದೀನಿ. ಸಂಜೆ ಬಂದು ನೋಡ್ತೀನಿ, ಆಯ್ತಾ?"

ಇಟ್ಟೇಬಿಟ್ಟರು ಪುಣ್ಯಾತ್ಮರು!

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಹಾಲು ಸೀದ ವಾಸನೆ. ಒಳಗೆ ಸ್ಟೂಲು ಎಳೆಯುವ ಕರ್ರ್ ಸದ್ದು. ಒಲೆಯ ಕಡೆಗೇ! ನನ್ನ ಕೂಲು ಅಲ್ಲೇ ಕುದಿದು ಉಕ್ಕಿತು.

"ಗುಬ್ಬೀ!! ಒಲೆ ಹತ್ರ ಹೋದ್ರೆ ಕಾಲು ಮುರೀತೀನಿ! ತೆಗಿಯೇ ಬಾಗಿಲು, ಕತ್ತೆ!"

ಸ್ಟೂಲಿನಿಂದ ಹಾರಿದ ಸದ್ದು, ಓಡಿಬಂದ ಸದ್ದು, ಚಿಲಕದ ಸದ್ದು! ಬಾಗಿಲು ತೆರೆಯಿತು. ನುಗ್ಗಿ ಒಲೆ ಆರಿಸಿದೆ. ಪಾತ್ರೆ ಇದ್ದಿಲು, ಮಗು ಇದ್ದ ಹಾಗೇ ಇತ್ತು. ಬಾಚಿ ತಬ್ಬಿಕೊಂಡೆ. ಅಳು ನನ್ನದು, ಸಮಾಧಾನ ಅವಳದು. ಬೆನ್ನು ಸವರುತ್ತಾ ಕಿವಿಯಲ್ಲಿ ಕೇಳಿದಳು:

"ಅಮ್ಮಾ, ಆ ಆಂಟಿ ಹೋದ್ರಾ?"

"ಯಾವ ಆಂಟಿನೇ?"

"ಅದೇ, ಹೊರಗೆ ನಿಂತ್ಕೊಂಡು ಬಂಗಾರಾ ಬಂಗಾರಾ ಅಂತಿದ್ರಲ್ಲ! ಗೊತ್ತಿಲ್ಲದವರಿಗೆ ಬಾಗಿಲು ತೆಗೀಬೇಡ ಅಂತ ನೀನೇ ಹೇಳಿದ್ಯಲ್ಲ? ನೀನು ಬೈದ ಮೇಲೇ ನನಗೆ ಅಮ್ಮ ಅಂತ ಗೊತ್ತಾಗಿದ್ದು!"