ಅಲುಗಿದರೆ ತನ್ನಿ

"ಕುರ್ಚಿ, ಮೇಜು, ಮಂಚ ರಿಪೇರಿ" ಎಂಬ ಬೋರ್ಡು ನನ್ನ ಅಂಗಡಿಯ ಮೇಲೇರಿ ಆರು ತಿಂಗಳಾಗಿತ್ತು. ಅಷ್ಟೂ ದಿನ ಒಳಗೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ಅಲುಗದ ಮೇಸ್ತ್ರಿ ಅಂಗಡಿ ಎಲ್ಲಿ?"

ಅಲುಗದ ಮೇಸ್ತ್ರಿ ಎಂದರೆ ನನಗೆ ಹೆಣ್ಣು ಕೊಟ್ಟ ಮಾವ. ಅವರು ರಿಪೇರಿ ಮಾಡಿದ ಕುರ್ಚಿ ಸುಲಭಕ್ಕೆ ಅಲುಗುವುದಿಲ್ಲ. ಅವರ ಕೈಕೆಳಗೆ ನಾಲ್ಕು ವರ್ಷ ಸ್ಯಾಂಡ್‌ಪೇಪರ್ ಉಜ್ಜಿ ಸಾಕಾಗಿ, ಪಕ್ಕದ ಬೀದಿಯಲ್ಲೇ ಸ್ವತಂತ್ರ ಸಾಮ್ರಾಜ್ಯ ಸ್ಥಾಪಿಸಿದ್ದೆ. ವರ್ಷದೊಳಗೆ ಅಂಗಡಿ ಕುದುರದಿದ್ದರೆ ಮತ್ತೆ ಅಲ್ಲಿಗೇ ಹೋಗಿ ಉಜ್ಜುವುದೆಂದು ಹೆಂಡತಿಯೆದುರು ಒಪ್ಪಿಕೊಂಡಿದ್ದೆ. (ಒಪ್ಪಿದ್ದು ನಾನು, ತೀರ್ಮಾನ ಅವಳದು.)

ಆಗ ಹೊಳೆದದ್ದು ಜಾಹೀರಾತು. ಫೋನಿನಲ್ಲಿ ಯಾರೇ "ಅಲುಗದ ಮೇಸ್ತ್ರಿ" ಎಂದು ಹುಡುಕಿದರೂ ಮೊದಲು ನನ್ನ ಅಂಗಡಿ ಕಾಣಬೇಕು, ಮಾವನವರದು ಅದರ ಕೆಳಗೆ. ದುಡ್ಡು ಕಟ್ಟಿದರೆ ಹಾಗೆ ಮಾಡಿಕೊಡುತ್ತಾರೆ. ಕಟ್ಟಿದೆ.

ಸಂಜೆಯೊಳಗೆ ಹೆಂಡತಿಗೆ ಗೊತ್ತಾಯಿತು.

"ಇದೇನ್ರೀ ಇದು? ಅಪ್ಪನ ಹೆಸರು ಹಾಕಿದ್ರೆ ನಿಮ್ಮ ಮುಖ ಬರ್ತಿದೆ!"

"ಅವರ ಹೆಸರು ನಾನೆಲ್ಲಿ ಇಟ್ಕೊಂಡಿದೀನಿ? ನನ್ನ ಹೆಸರೇ ಇದೆ. ಪಕ್ಕದಲ್ಲಿ 'ಜಾಹೀರಾತು' ಅಂತಾನೂ ಇದೆ ನೋಡು."

"ಇರುವೆ ಓದಲಿ ಅಂತ ಬರೆದ ಹಾಗಿದೆ."

"ಎಲ್ಲರೂ ಮಾಡ್ತಾರೆ ಕಣೇ. ಇದಕ್ಕೆ ಸ್ಪರ್ಧೆ ಅಂತಾರೆ."

"ಯಾರೋ ಅಪ್ಪನ್ನ ಕೂಗಿದ್ರೆ, ನೀವು ಮುಂದೆ ಓಡಿ 'ಓ' ಅನ್ನೋದಕ್ಕೆ ಏನಂತಾರೆ?"

"ಚುರುಕುತನ ಅಂತಾರೆ," ಎಂದೆ. ಆ ರಾತ್ರಿ ಊಟಕ್ಕೆ ನಾನೇ ಬಡಿಸಿಕೊಂಡೆ.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಏಳು ಜನ, ಏಳು ಕುರ್ಚಿ! ನನ್ನ ಎದೆ ಉಬ್ಬಿತು. ಮೊದಲು ನಿಂತಿದ್ದವರು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್.

"ಮೇಸ್ತ್ರಿ ಅಡ್ರೆಸ್ಸೇ ಮರ್ತುಹೋಗಿತ್ತಪ್ಪಾ. ಹೆಸರು ಹಾಕಿ ಹುಡುಕಿದೆ, ಇಲ್ಲಿಗೆ ಕಳಿಸ್ತು," ಎನ್ನುತ್ತಾ ಕುರ್ಚಿಯನ್ನು ಮಗುಚಿದರು. ಹಲಗೆಯ ಅಡಿಯಲ್ಲಿ ಪೆನ್ಸಿಲಿನಿಂದ ಬರೆದ ಮಾವನವರ ದುಂಡಗಿನ ಅಕ್ಷರ: "ಅಲುಗಿದರೆ ತನ್ನಿ. ಯಾವತ್ತಾದರೂ. ಪುಕ್ಕಟೆ."

ಉಳಿದ ಆರೂ ಕುರ್ಚಿಗಳು ಮಗುಚಿದವು. ಆರರ ಅಡಿಯಲ್ಲೂ ಅದೇ.

ಈ ಬರಹ ನನಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕು ವರ್ಷ ಆ ಪೆನ್ಸಿಲನ್ನು ಚೂಪು ಮಾಡಿಕೊಟ್ಟವನೇ ನಾನು. ಆದರೆ ಹೆಸರು ಹಾಕಿ ಹುಡುಕುವವರು ಆ ಹೆಸರು ಮೊದಲೇ ಗೊತ್ತಿರುವ ಹಳೇ ಗಿರಾಕಿಗಳು ಎಂಬುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ.

"ಇದು ಅವರ ಅಂಗಡಿಯಲ್ಲ ಸಾರ್..." ಎಂದು ಶುರು ಮಾಡಿದೆ. ಹಿಂದಿನಿಂದ ಹೆಂಡತಿಯ ದನಿ ಬಂತು: "ಇಲ್ಲೇ ಇಡಿ ಸಾರ್. ಮಾಡ್ಕೊಡ್ತಾರೆ."

"ಏನೇ ಇದು?" ಎಂದು ಪಿಸುಗುಟ್ಟಿದೆ.

"ಹೆಸರು ಬೇಕು, ಅಪ್ಪ ಕೊಟ್ಟ ಮಾತು ಬೇಡ್ವಾ? 'ಓ' ಅಂದೋರು ನೀವೇ. ಈಗ ಮಾಡಿ."

ಹತ್ತು ದಿನ ಮಾಡಿದೆ. ಮೂವತ್ತು ವರ್ಷಗಳಲ್ಲಿ ಮಾವ ಮುಟ್ಟಿದ ಕುರ್ಚಿಗಳೆಲ್ಲ ಮೆರವಣಿಗೆ ಬಂದವು. ಕುರ್ಚಿಗಳು ಗಟ್ಟಿಯಾದವು, ನನ್ನ ಸೊಂಟ ಅಲುಗತೊಡಗಿತು. ಹನ್ನೊಂದನೆಯ ದಿನ ಜಾಹೀರಾತನ್ನು ತೆಗೆಸಿ, ತಪ್ಪೊಪ್ಪಿಕೊಳ್ಳಲು ಮಾವನ ಅಂಗಡಿಗೆ ಹೋದೆ. ನಿಜ ಹೇಳುತ್ತೇನೆ, ನಾಚಿಕೆಯಾಗಿತ್ತು.

ಬಾಯಿ ತೆರೆಯುವ ಮೊದಲೇ ಮಾವ ನನ್ನ ಎರಡೂ ಕೈ ಹಿಡಿದುಕೊಂಡರು. "ಮಗಳು ಎಲ್ಲಾ ಹೇಳಿದ್ಲು ಅಳಿಯಂದಿರೇ. ನನ್ನ ಹಳೇ ಗಿರಾಕಿಗಳನ್ನ ನೀವೇ ನೋಡ್ಕೊತಿದೀರಂತೆ. ಹೊಟ್ಟೇಲಿ ಹುಟ್ಟಿದ ಮಗನೂ ಇಷ್ಟು ಮಾಡ್ತಿರ್ಲಿಲ್ಲ." ಅವರ ಕಣ್ಣು ಒದ್ದೆಯಾಗಿತ್ತು.

"ಮಾವ, ಆ ಜಾಹೀರಾತು... ಇವತ್ತು ತೆಗೆಸ್ಬಿಟ್ಟೆ."

"ಒಳ್ಳೇದಾಯ್ತು! ಸುಮ್ನೆ ನಿಮಗ್ಯಾಕೆ ಖರ್ಚು? ನಾನೇ ವ್ಯವಸ್ಥೆ ಮಾಡಿದೀನಿ," ಎನ್ನುತ್ತಾ ಆಗಷ್ಟೇ ರಿಪೇರಿ ಮುಗಿದಿದ್ದ ಕುರ್ಚಿಯೊಂದನ್ನು ಮಗುಚಿ ತೋರಿಸಿದರು.

ಅದೇ ದುಂಡಗಿನ ಅಕ್ಷರ: "ಅಲುಗಿದರೆ ಅಳಿಯಂದಿರ ಅಂಗಡಿಗೆ ಒಯ್ಯಿರಿ. ಯಾವತ್ತಾದರೂ. ಪುಕ್ಕಟೆ." ಕೆಳಗೆ ನನ್ನ ಫೋನ್ ನಂಬರು.

"ಜಾಹೀರಾತು" ಎಂದು ಇರುವೆಗಾಗಿಯೂ ಬರೆದಿರಲಿಲ್ಲ.

ಗೋಡೆಯ ಪಕ್ಕ ಇನ್ನೂ ಹದಿನಾಲ್ಕು ಕುರ್ಚಿಗಳು ಬರಹಕ್ಕಾಗಿ ಕಾಯುತ್ತಿದ್ದವು. ಮಾವ ಪೆನ್ಸಿಲನ್ನು ನನ್ನತ್ತ ಚಾಚಿದರು.

"ಮೊನೆ ಮುರಿದಿದೆ. ಸ್ವಲ್ಪ ಚೂಪು ಮಾಡ್ಕೊಡ್ತೀರಾ?"

ಮಾಡಿಕೊಟ್ಟೆ.