ಬಕೆಟ್ ಕಂಪನಿಯ ಕ್ಯಾಪ್ಟನ್

ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿದ್ದಿಲ್ಲ. ಕುಕ್ಕರ್ ಕೂಗಿದರೆ ಎದ್ದೂ ಬಿದ್ದೂ ಓಡುವ ನನ್ನವಳು, ನಾನು ಕೂಗಿದರೆ ಟೀವಿಯ ಸದ್ದು ಜಾಸ್ತಿ ಮಾಡುತ್ತಾಳೆ. ಇಂಥವನನ್ನು ಹಿಡಿದು ಏಕಾಏಕಿ ಕ್ಯಾಪ್ಟನ್ ಮಾಡಿಬಿಟ್ಟರೆ ತಲೆ ನೆಟ್ಟಗೆ ನಿಂತೀತೇ, ನೀವೇ ಹೇಳಿ.

ಸೈನ್ಯದಲ್ಲಲ್ಲ, ಪ್ಲಾಸ್ಟಿಕ್ ಬಕೆಟ್ ಮಾಡುವ ಕಂಪನಿಯಲ್ಲಿ. ನಾನಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ. ನಮ್ಮ ಎಂಡಿ ಯಾವುದೋ ರೆಸಾರ್ಟಿನ 'ನಾಯಕತ್ವ ಶಿಬಿರ'ಕ್ಕೆ ಹೋಗಿ, ಹಸಿರು ಅಂಗಿ ತೊಟ್ಟು, ಕೆಸರಿನಲ್ಲಿ ತೆವಳಿ ಬಂದರು. (ಕೆಸರಿಗೆ ಬಿಸಿನೀರು ಬೆರೆಸಿದ್ದರಂತೆ.) ಅಂದಿನಿಂದ ಅವರು ಜನರಲ್, ನಾನು ಕ್ಯಾಪ್ಟನ್. ಪಕ್ಕದ ರಸ್ತೆಯ ಬಕೆಟ್ ಕಂಪನಿ ಶತ್ರುಪಾಳಯ. ಬೆಳಿಗ್ಗೆ ಗೇಟಿನ ಹತ್ತಿರ ಎಲ್ಲರೂ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯಬೇಕು. ಅಪ್ಪಣೆ ಮೇಲಿನಿಂದ ಕೆಳಗೆ ಇಳಿಯಬೇಕು, ಪ್ರಶ್ನೆ ಕೆಳಗಿನಿಂದ ಮೇಲೆ ಹತ್ತಕೂಡದು. ಹೇಳುವುದೇನಿದ್ದರೂ ತನಗಿಂತ ಒಂದು ಮೆಟ್ಟಿಲು ಮೇಲಿನವರಿಗೆ, ಅದೂ ಅವರಾಗಿ ಕೇಳಿದರೆ!

ಹೊಸ ಬಕೆಟ್ಟಿನ ತುಂಬ ನೀರು ಹಾಕಿ ಎತ್ತಿದರೆ ಹಿಡಿ ಕಿತ್ತು ಬರುತ್ತದೆಂದು ನಮ್ಮ ಪ್ಯಾಕಿಂಗಿನ ಹೆಂಗಸರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನು ಬಾಯಿ ಬಿಡಲಿಲ್ಲ. ಶಿಸ್ತು ಅಂದರೆ ಶಿಸ್ತು.

ಇಂಥ ದಿವ್ಯ ಪದ್ಧತಿಯನ್ನು ಆಫೀಸಿನಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಒಂದು ಭಾನುವಾರ ಜನರಲ್ ಸಾಹೇಬರು ನಮ್ಮ ಮನೆಗೆ ಊಟಕ್ಕೆ ಬರುವುದೆಂದಾಯಿತು. ಬೆಳಿಗ್ಗೆಯೇ ಹೆಂಡತಿ, ಮಗಳನ್ನು ನಡುಮನೆಯಲ್ಲಿ ಸಾಲಾಗಿ ನಿಲ್ಲಿಸಿದೆ. ರಜೆಗೆ ಬಂದಿದ್ದ ಬಾಮೈದನನ್ನೂ ಎಬ್ಬಿಸಲು ಹೋದೆ. ಅವನು ಅಸಲಿ ಸೈನ್ಯದ ಹವಾಲ್ದಾರ್.

"ಯುದ್ಧ ಶುರುವಾಗಿದ್ರೆ ಎಬ್ಬಿಸಿ ಭಾವ," ಎಂದು ಮಗ್ಗುಲು ಬದಲಿಸಿದ.

"ಇನ್ಮೇಲೆ ಈ ಮನೇಲಿ ಕಮಾಂಡ್ ವ್ಯವಸ್ಥೆ!" ಎಂದು ಗುಡುಗಿದೆ.

"ಕಮಾಂಡೋ, ಕರ್ಮಕಾಂಡವೋ?" ಎಂದಳು ಹೆಂಡತಿ.

"ಎದುರು ಮಾತಿಲ್ಲ! ನನ್ನ ಅಪ್ಪಣೆ ಇಲ್ದೆ ಯಾರೂ ಏನೂ ಮಾಡೋ ಹಾಗಿಲ್ಲ. ಮಗಳು ನಿನಗೆ ಹೇಳ್ಬೇಕು, ನೀನು ನನಗೆ ಹೇಳ್ಬೇಕು. ನಾನು ಕೇಳಿದ್ರೆ ಮಾತ್ರ."

ಅವಳು ನನ್ನನ್ನೇ ಒಂದು ಗಳಿಗೆ ನೋಡಿ, "ಆಗಲಿ ಕ್ಯಾಪ್ಟನ್," ಅಂದಳು. ಅವಳು ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನ್ನ ಎದೆ ಧಸಕ್ಕೆನ್ನಬೇಕಿತ್ತು. ಉಬ್ಬಿತು!

ಜನರಲ್ ಬಂದರು. ಕೈಕಾಲು ಮುಖ ತೊಳೆಯಲು ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ಆರ್ತನಾದ.

"ನೀರು ನಿಂತೋಯ್ತು! ಕಣ್ಣಲ್ಲಿ ಸೋಪು! ಯಾರಮ್ಮಾ ಅಲ್ಲಿ?"

"ನಾನು ಸಾರ್," ಬಾಗಿಲಾಚೆಯಿಂದ ನನ್ನ ಮಗಳು. "ಆದ್ರೆ ನಾನು ತೀರಾ ಕೆಳಗಿನವಳು, ನಿಮ್ಮತ್ರ ನೇರ ಮಾತಾಡಬಾರ್ದು. ಅಮ್ಮನಿಗೆ ಹೇಳ್ತೀನಿ. ಅಪ್ಪ ಕೇಳಿದ್ರೆ ಅಮ್ಮ ಅಪ್ಪನಿಗೆ ಹೇಳ್ತಾಳೆ."

ನಾನು ಅಡುಗೆಮನೆಗೆ ಓಡಿದೆ. "ಟ್ಯಾಂಕಲ್ಲಿ ನೀರಿಲ್ವೇನೇ?"

"ಬೆಳಿಗ್ಗೆಯಿಂದ್ಲೇ ತಳ ಕಂಡಿತ್ತು ರೀ. ಮೋಟಾರ್ ಹಾಕು ಅಂತ ನಿಮ್ಮ ಅಪ್ಪಣೆ ಆಗ್ಲಿಲ್ಲ."

ಈಗ ಹಾಕೋಣವೆಂದರೆ ಕರೆಂಟ್ ಹೋಗಿತ್ತು. ಗಲಾಟೆಗೆ ಎದ್ದು ಬಂದ ಬಾಮೈದ ಯಾರ ಅಪ್ಪಣೆಗೂ ಕಾಯದೆ ಪಕ್ಕದ ಮನೆಯ ನಲ್ಲಿಯಿಂದ ಬಕೆಟ್ ತುಂಬಿಸಿಕೊಂಡು ಬಂದ. ಬಚ್ಚಲ ಹೊಸಿಲ ಬಳಿ ಹಿಡಿ ಕಿತ್ತು ಬಂತು. ನೀರಷ್ಟೂ ಜನರಲ್ ಸಾಹೇಬರ ಹೊಸ ಪ್ಯಾಂಟಿಗೆ ಅಭಿಷೇಕವಾಯಿತು.

"ಯಾವ ದರಿದ್ರ ಕಂಪನಿ ಬಕೆಟ್ಟಯ್ಯಾ ಇದು?" ಎಂದರು ಅವರು, ಕಣ್ಣು ಮುಚ್ಚಿಕೊಂಡೇ.

ಬಾಮೈದ ಬಕೆಟ್ ತಿರುಗಿಸಿ ಮುದ್ರೆ ಓದಿದ. "ನಿಮ್ಮದೇ, ಸಾರ್."

"ಹಿಡಿ ಹೀಗಿದೆ ಅಂತ ನನಗ್ಯಾಕೆ ಹೇಳ್ಲಿಲ್ಲ, ಕ್ಯಾಪ್ಟನ್?"

"ತಾವು ಕೇಳ್ಲಿಲ್ಲ, ಸಾರ್," ಎಂದೆ.

ನನ್ನ ಲುಂಗಿ ಉಟ್ಟು ಊಟಕ್ಕೆ ಕೂತ ಜನರಲ್, ಬಾಮೈದನನ್ನು ಕೇಳಿದರು. "ಏನಪ್ಪಾ, ಸೈನ್ಯದಲ್ಲೂ ಹೀಗೇ ಅಲ್ವಾ? ಬಾಯಿ ಮುಚ್ಚಿಕೊಂಡು ಹೇಳಿದ್ದು ಮಾಡೋದು?"

"ಮುಂದೆ ಸೇತುವೆ ಮುರಿದಿದೆ ಅಂತ ಗೊತ್ತಿದ್ದೂ ಬಾಯಿ ಮುಚ್ಕೊಂಡ್ರೆ ನಮ್ಮಲ್ಲಿ ವಿಚಾರಣೆ ಆಗುತ್ತೆ, ಸಾರ್. ಇನ್ನು, ನಮ್ಮ ಸಾಹೇಬ್ರು ಜವಾನರ ಊಟ ಆಗೋವರೆಗೂ ತಟ್ಟೆ ಮುಟ್ಟೋದಿಲ್ಲ."

ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ ಜನರಲ್ ಕೈ ಒಂದು ಕ್ಷಣ ನಿಂತಿತು. "ಅದ್ಭುತ!" ಎಂದರು. ಕೈ ಮತ್ತೆ ಮುಂದುವರಿಯಿತು.

ಮಾರನೇ ದಿನವೇ ಅಪ್ಪಣೆ ಹೊರಟಿತು. ಹಿಡಿಯ ವಿಷಯ ಮುಚ್ಚಿಟ್ಟ ಕ್ಯಾಪ್ಟನ್‌ಗೆ ಛೀಮಾರಿ. ಇನ್ನು ಮುಂದೆ ಕ್ಯಾಂಟೀನಿನಲ್ಲಿ ಕೆಲಸಗಾರರೆಲ್ಲ ಉಂಡ ಮೇಲೆಯೇ ಅಧಿಕಾರಿಗಳ ಊಟ. ಜನರಲ್ ದರ್ಜೆಯವರು ದೇಶದ, ಅಂದರೆ ಕಂಪನಿಯ, ಭವಿಷ್ಯ ಚಿಂತಿಸಬೇಕಾದ್ದರಿಂದ ಅವರಿಗೆ ವಿನಾಯಿತಿ. (ನಮ್ಮಲ್ಲಿ ಜನರಲ್ ಒಬ್ಬರೇ.)

ಸಂಜೆ ಸುದ್ದಿ ಕೇಳಿ ಹೆಂಡತಿ ಹಿಗ್ಗಿದಳು. ಬಿಸಿ ಅಡುಗೆಯನ್ನು ಅವಳು, ಮಗಳು, ಬಾಮೈದ ಚಪ್ಪರಿಸಿ ಉಂಡರು. ಕ್ಯಾಪ್ಟನ್ ಬಾಗಿಲಲ್ಲಿ ನಿಂತು ನೋಡಿದರು. ಪಾತ್ರೆಯ ತಳ ಕೆರೆದು ನಾನು ಉಂಡು ಏಳುವಷ್ಟರಲ್ಲಿ ಅವಳು ಪಾತ್ರೆ ಉಜ್ಜುವ ನಾರನ್ನು ನನ್ನ ಕೈಗಿಟ್ಟಳು.

"ಕೊನೇಲಿ ಉಂಡವರೇ ಎಲ್ಲಾ ತೊಳೀಬೇಕು ರೀ."

ನಾರು ಹಿಡಿದುಕೊಂಡೇ ಬಾಮೈದನ ಕಡೆ ತಿರುಗಿದೆ. "ಇದೂ ನಿಮ್ಮ ಸೈನ್ಯದ ನಿಯಮವೇನಪ್ಪಾ?"

ಅವನು ಅಕ್ಕನ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿ, ಸ್ವರ ತಗ್ಗಿಸಿ ಹೇಳಿದ: "ಇಲ್ಲ ಭಾವ. ಸೈನ್ಯದಲ್ಲಿ ನಮಗೆ ನಿವೃತ್ತಿ ಅಂತ ಒಂದಿರುತ್ತೆ."