ಖೈತಾನಿನ ಬಸಳೆಗೆ ಭೋಜನ ಬಸಿಗಾಲುವೆ

ಊರಿನಲ್ಲಿ ನೀರಿಗೆ ಗುದ್ದಲಿಯ ತುದಿಯಿಂದ ದಾರಿ ತೋರಿಸಿದರೆ ಸಾಕು, ಅದು ಯಾರನ್ನೂ ಕೇಳದೆ ಸಮುದ್ರದ ಕಡೆ ನಡೆದುಬಿಡುತ್ತದೆ. ಕುವೈತಿನ ನೀರಿಗೆ ಈ ಸಂಸ್ಕಾರವಿಲ್ಲ. ಮದುವೆ ಮುಗಿದರೂ ಹೊರಡದ ನೆಂಟನ ಹಾಗೆ ಕೂತಲ್ಲೇ ಕೂತಿರುತ್ತದೆ. ಇದು ಭೋಜನ ದೂರು.

ದೂರಿನ ಮೂಲ ಒಂದು ಬಸಳೆ ಬಳ್ಳಿ. ಶುವೈಖಿನ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ಕೀಪರ್ ಆಗಿದ್ದ ಭೋಜ, ಹೆಂಡತಿ ಪುಷ್ಪಾವತಿಯೊಂದಿಗೆ ಖೈತಾನಿನ ಒಂದು ಕಟ್ಟಡದ ನೆಲ ಅಂತಸ್ತಿನಲ್ಲಿದ್ದ. ಅಡುಗೆಮನೆಯ ಹಿಂದೆ ಒಂದು ಚಾಪೆ ಹಾಸುವಷ್ಟು ಮಣ್ಣಿತ್ತು. ಪುಷ್ಪಾವತಿ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಮೂರು ತುಂಡು ಬಳ್ಳಿಗಳಲ್ಲಿ ಎರಡು ಅಲ್ಲೇ ಕೊಳೆತುಹೋಗಿದ್ದವು. ೧೯೯೦ರ ಮಾರ್ಚಿನಲ್ಲಿ ಎರಡು ಮಳೆ ಬಿದ್ದದ್ದೇ, ಉಳಿದ ಒಂದರ ಬುಡದಲ್ಲೂ ನೀರು ನಿಂತು ಎಲೆ ಹಳದಿಯಾಗತೊಡಗಿತು.

“ಇದೊಂದು ಸತ್ತರೆ ಮತ್ತೆ ಊರಿಗೆ ಹೋಗುವವರೆಗೆ ಬಸಳೆ ಇಲ್ಲ. ಎರಡು ವರ್ಷ! ಆಮೇಲೆ ಬಸಳೆ ಜೊತೆ ಬೇಯಿಸು ಅಂತ ಸಿಗಡಿ ತಂದು ನನ್ನ ಮುಖ ನೋಡ್ಬೇಡಿ,” ಎಂದಳು ಪುಷ್ಪಾವತಿ.

“ಪಾತ್ರೆ ತೊಳೆದ ನೀರನ್ನೆಲ್ಲ ಅದರ ಬುಡಕ್ಕೆ ಚೆಲ್ಲುವುದು ಯಾರು ಮಾರಾಯ್ತಿ?”

“ಬಸಳೆ ಬುಡಕ್ಕೆ ಚೆಲ್ಲದೆ ನಿಮ್ಮ ತಲೆಗೆ ಚೆಲ್ಲುವುದಾ? ನಮ್ಮ ಅಮ್ಮ ನಲವತ್ತು ವರ್ಷ ಚೆಲ್ಲಿದ್ದಾರೆ. ಅಲ್ಲಿ ಬಳ್ಳಿ ಮಾಡಿನ ಹೆಂಚು ಹತ್ತಿದೆ.”

ಅತ್ತೆಯ ಹೆಂಚಿನವರೆಗೆ ಹೋದ ವಾದವನ್ನು ಭೋಜ ಎಂದೂ ಗೆದ್ದವನಲ್ಲ. ಶುಕ್ರವಾರದ ರಜೆಯಲ್ಲಿ ಲುಂಗಿ ಎತ್ತಿ ಕಟ್ಟಿ, ಪಾತಿಯಿಂದ ಗೇಟಿನವರೆಗೆ ಊರಿನ ಕ್ರಮದಲ್ಲೇ ನೀರು ಹರಿಯಲು ಒಂದು ಕಣಿ ತೋಡಿದ. ಸಂಜೆ ನೋಡಿದರೆ ಕಣಿಯಲ್ಲೂ ನೀರು, ಪಾತಿಯಲ್ಲೂ ನೀರು. ಮೊದಲು ಬರೀ ಕೆರೆ ಇತ್ತು, ಈಗ ಅದಕ್ಕೊಂದು ನದಿಯೂ ಆಯಿತು.

ಬೇರೆಯವರಾಗಿದ್ದರೆ ಕೈ ಬಿಡುತ್ತಿದ್ದರು. ಆದರೆ ಭೋಜನಿಗೆ ಒಂದು ಕಾಯಿಲೆಯಿತ್ತು: ಯಾಕೆ ಎಂದು ತಿಳಿಯುವವರೆಗೆ ಅನ್ನ ಸೇರುತ್ತಿರಲಿಲ್ಲ. (ಕೆಟ್ಟ ಗಡಿಯಾರ ಬಿಚ್ಚಿ ನೋಡಿದ್ದ, ಸರಿಯಿದ್ದ ರೇಡಿಯೋವನ್ನೂ ಬಿಚ್ಚಿ ನೋಡಿದ್ದ.) ಒಂದು ಸರಳನ್ನು ಪಾತಿಗೆ ಚುಚ್ಚಿದ. ಒಂದು ಮೊಳ ಇಳಿದದ್ದೇ ಠಣ್ ಎಂದಿತು. ಮಣ್ಣು ಸರಿಸಿದರೆ ಕಲ್ಲಿನಂತೆ ಗಟ್ಟಿಯಾದ ಬಿಳಿ ಪದರ. ಕೆರೆದ, ಮೂಸಿದ, ನಾಲಿಗೆಗೂ ಹಚ್ಚಿದ.

“ಉಪ್ಪು ಸಾಕಾ?” ಎಂದು ಕಿಟಕಿಯಿಂದ ವಿಚಾರಣೆಯಾಯಿತು.

“ಪುಷ್ಪಾ, ಈ ಮರುಭೂಮಿ ಒಳಗೊಳಗೇ ಸಿಮೆಂಟು ಹಾಕಿಸಿಕೊಂಡಿದೆ! ನಮ್ಮ ಬಸಳೆ ಮಣ್ಣಲ್ಲಿ ಇಲ್ಲ, ಬೋಗುಣಿಯಲ್ಲಿ ಉಂಟು!”

ಮರುದಿನ ವರ್ಕ್‌ಶಾಪಿನಿಂದ ಹಾರೆಕೋಲು ಕೇಳಿ ತಂದ. ಮೂರು ಸಂಜೆ ಕುಟ್ಟಿ ಪದರಕ್ಕೆ ತೆಂಗಿನಕಾಯಿ ಗಾತ್ರದ ತೂತು ಕೊರೆದು, ಜಲ್ಲಿ ತುಂಬಿ, ಮಣ್ಣು ಮುಚ್ಚಿದ. ಒಂದು ಬಕೆಟ್ ನೀರು ಹೊಯ್ದರೆ ಗಳಗಳ ಸದ್ದು ಮಾಡಿ ಮಾಯ! ಆ ಏಕೈಕ ತೂತಿಗೆ ಅವನು ‘ವೈಜ್ಞಾನಿಕ ಬಸಿಗಾಲುವೆ’ ಎಂದು ನಾಮಕರಣ ಮಾಡಿದ.

ನಾಲ್ಕೇ ದಿನ. ಕೊಳೆಯುತ್ತಿದ್ದ ಬಳ್ಳಿ ಈಗ ಬಾಯಾರಿ ಕತ್ತು ಬಾಗಿಸಿತು. ಪುಷ್ಪಾವತಿ ದಿನಕ್ಕೆ ಎಂಟು ಬಕೆಟ್ ಹೊತ್ತಳು. ಎಂಟನ್ನೂ ತೂತು ಕುಡಿಯಿತು, ಜೊತೆಗೆ ಬುಡಕ್ಕೆ ಹಾಕಿದ್ದ ಆಡಿನ ಗೊಬ್ಬರವನ್ನೂ.

“ಹೊಂದಿಕೊಳ್ಳಲಿಕ್ಕೆ ಸಮಯ ಬೇಕು,” ಎಂದ ಭೋಜ.

“ಯಾರಿಗೆ? ನಿಮ್ಮ ಜೊತೆ ನನಗೆ ಹನ್ನೊಂದು ವರ್ಷ ಸಾಕಾಗಲಿಲ್ಲ.”

ಆದರೆ ಆರನೆಯ ಬೆಳಿಗ್ಗೆ ಬಳ್ಳಿ ತಲೆ ಎತ್ತಿತು. ಎರಡು ವಾರದಲ್ಲಿ ಕಿಟಕಿಯ ಸರಳು ಹಿಡಿಯಿತು. ಅಂಗೈಯಗಲದ ಎಲೆ, ಬಣ್ಣವೋ ಎಣ್ಣೆ ಹಚ್ಚಿದಂಥ ಹಸಿರು. ಭೋಜನಿಗೆ ಸೋಜಿಗ. ಮುಂಜಾನೆ ಮುಖ ತೊಳೆಯುವ ಮೊದಲೇ ಕಡ್ಡಿ ಚುಚ್ಚಿ ಮಣ್ಣು ಮುಟ್ಟಿ ನೋಡುತ್ತಿದ್ದ. ಕೆಸರೂ ಅಲ್ಲ, ಧೂಳೂ ಅಲ್ಲ. ಹಿಡಿದರೆ ಉಂಡೆ, ಬಿಟ್ಟರೆ ಪುಡಿ, ಪುಟ್ಟಿನ ಹಿಟ್ಟಿನ ಹದ. “ಅಡಿಮಣ್ಣಿನ ಸ್ವಭಾವವೇ ಬದಲಾಗಿದೆ,” ಎಂದು ಸಿದ್ಧಾಂತ ಮಂಡಿಸಿದ. ಪುಷ್ಪಾವತಿ ಹೌದೆಂದು ತಲೆಯಾಡಿಸಿದಳು. (ಮದುವೆಯಾದ ಓದುಗರು ಇಲ್ಲಿಗೇ ಎಚ್ಚೆತ್ತುಕೊಂಡಿರುತ್ತಾರೆ. ಭೋಜ ಎಚ್ಚೆತ್ತುಕೊಳ್ಳಲಿಲ್ಲ.)

ಖ್ಯಾತಿ ಜಹ್ರಾದವರೆಗೆ ಹೋಯಿತು. ಅಲ್ಲಿ ಒಂದು ಮನೆಯಲ್ಲಿ ಡ್ರೈವರ್ ಆಗಿದ್ದ ಬಾವಾ ಎಂಬ ಊರವನು ಒಂದು ಶುಕ್ರವಾರ ಬಂದ.

“ಭೋಜಣ್ಣ, ನಮ್ಮ ಮೇಡಂನ ಪುದೀನ ಪೂರಾ ನೀರಲ್ಲಿ ತೇಲ್ತಾ ಉಂಟು. ನಿಮ್ಮ ಆ ಗಾಲುವೆ ಒಂದು ಮಾಡಿಕೊಡಿ ಮಾರಾಯ್ರೆ.”

“ಕಣ್ಣಾರೆ ನೋಡು, ಬಾ!” ಭೋಜ ಮಣ್ಣು ಸರಿಸಿದ, ಜಲ್ಲಿಯನ್ನು ಹಿಡಿ ಹಿಡಿಯಾಗಿ ತೆಗೆದ. “ಈ ಕೆಳಗೆ ಉಂಟಲ್ಲ, ಪಾತಾಳದವರೆಗೆ ಖುಲ್ಲಾ...”

ಕೈಗೆ ಮೆತ್ತಗೆ ಏನೋ ತಾಗಿತು. ಎಳೆದ. ಬರಲಿಲ್ಲ. ಕಾಲು ಕೊಟ್ಟು ಎಳೆದ. ಬಿಗಿಯಾಗಿ ಸುತ್ತಿದ ಹಳೆಯ ನೈಟಿಯೊಂದು ತನ್ನ ನೇರಳೆ ಹೂಗಳೊಂದಿಗೆ ಹೊರಬಂತು.

“ಸುಬಾನಲ್ಲಾ! ಇದು ಯಾವ ಪಾರ್ಟು ಭೋಜಣ್ಣ?” ಎಂದ ಬಾವಾ.

“ಅದನ್ನು ಯಾಕೆ ತೆಗೆದದ್ದು!” ಪುಷ್ಪಾವತಿ ಸೌಟು ಹಿಡಿದೇ ಓಡಿ ಬಂದಳು. “ನಾಲ್ಕು ದಿನ ನೋಡಿದೆ, ಆಮೇಲೆ ನೀವು ಡ್ಯೂಟಿಗೆ ಹೋದಾಗ ಜಲ್ಲಿ ತೆಗೆದು ತುರುಕಿದೆ. ಗಂಜಿ ಬಸಿಯುವಾಗ ಮುಚ್ಚಳ ಹಿಡಿಯುವುದಿಲ್ವಾ? ಮುಚ್ಚಳ ತೆಗೆದು ಬಗ್ಗಿಸಿದರೆ ಅನ್ನವೂ ಚರಂಡಿಗೆ ಹೋಗ್ತದೆ. ಬಟ್ಟೆಯಾದರೆ ನೀರು ಹನಿ ಹನಿಯಾಗಿ ಇಳೀತದೆ. ಬುಡಕ್ಕೆ ಮಣ್ಣೂ ಏರಿಸಿದ್ದೇನೆ.”

“ನನಗೆ ಯಾಕೆ ಹೇಳಲಿಲ್ಲ?”

“ದಿನಾ ಬೆಳಿಗ್ಗೆ ಕಡ್ಡಿ ಹಿಡ್ಕೊಂಡು ಅಷ್ಟು ಖುಷಿಯಲ್ಲಿರ್ತಿದ್ರಿ. ಹೇಳ್ಲಿಕ್ಕೆ ಮನಸ್ಸು ಬರಲಿಲ್ಲ.”

ಭೋಜ ತೂತಿನೊಳಗೆ ಇಣುಕಿದ. ನೈಟಿಯನ್ನು ತಾನೇ ಸುತ್ತಿ, ಬಳ್ಳಿಯ ಬೇರಿಗೆ ತಾಗದಂತೆ ನೋಡಿಕೊಂಡು, ಇದ್ದಲ್ಲಿಗೇ ತುರುಕಿದ.

“ಇನ್ನೂ ಸ್ವಲ್ಪ ಬಿಗಿ,” ಎಂದಳು ಅವಳು.

ಬಾವಾ ಒಂದು ಗಳಿಗೆ ಇಬ್ಬರನ್ನೂ ನೋಡಿ, ಭೋಜನನ್ನು ದಾಟಿ ಪುಷ್ಪಾವತಿಯ ಮುಂದೆ ನಿಂತ. “ಅಕ್ಕ, ಮುಂದಿನ ಶುಕ್ರವಾರ ಜಹ್ರಾಕ್ಕೆ ನೀವು ಬರ್ಬೇಕು. ಭೋಜಣ್ಣನೂ ಬರಲಿ, ಪರವಾಗಿಲ್ಲ.”

ಮುಂದಿನ ಶುಕ್ರವಾರ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಬಾವಾನಿಗೂ ಪುಷ್ಪಾವತಿಗೂ ನಡುವೆ ಭೋಜ ಕೂತ. ಮೊಣಕಾಲ ಸಂದಿಯಲ್ಲಿ ಹಾರೆಕೋಲು, ತೊಡೆಯ ಮೇಲೆ ಹಳೆಬಟ್ಟೆಯ ಗಂಟು. ಅಡಿಮಣ್ಣಿನ ಸ್ವಭಾವದ ಬಗ್ಗೆ ಉಪನ್ಯಾಸ ಅವನ ತಲೆಯ ಮೇಲಿಂದ ದಾರಿಯುದ್ದಕ್ಕೂ ಹಾದುಹೋಯಿತು. ಮಾತುಗಳೆಲ್ಲ ಅವನವೇ, ಕಂಠ ಮಾತ್ರ ಹೆಂಡತಿಯದು.

ಜಹ್ರಾದ ಮನೆಯೊಡತಿ ಬಾಗಿಲಲ್ಲಿ ನಿಂತು, ಇವರಿಬ್ಬರೂ ಯಾರು ಎಂದು ಬಾವಾನನ್ನು ಕೇಳಿದಳು. ಬಾವಾ ಗೌರವದಿಂದ ಬಾಗಿ ಅರಬ್ಬಿಯಲ್ಲಿ ಪರಿಚಯ ಮಾಡಿಸಿದ. ದುರದೃಷ್ಟಕ್ಕೆ ಅಷ್ಟು ಅರಬ್ಬಿ ಭೋಜನಿಗೆ ಬರುತ್ತಿತ್ತು.

“ಇವರು ತೂತು ಮಾಡುವವರು. ಅಕ್ಕ ಮುಚ್ಚುವವರು.”